ಹಾಡಿಗೆಂದು ಹುಡುಕಿದ ಟ್ಯೂಬ್ ತಬಲಾಕ್ಕೆ ಹೋಯಿತು: ರಾಯಚೂರಿನ ಒಂದು ಮನೆ ರೆಕಾರ್ಡಿಂಗ್ ಪ್ರಕರಣ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ನನ್ನ ರಿಪೇರಿ ಟೇಬಲ್ ಹತ್ತಿರ ಬಂದು ಕೇಳುವ ಪ್ರಶ್ನೆ ಈಗೀಗ ಒಂದೇ ಥರ ಇರುತ್ತದೆ: ಕಡಿಮೆ ರೇಟಿನಲ್ಲಿ ಯಾವ ಟ್ಯೂಬ್ ಪ್ರೀಆಂಪ್ ತಗೊಳ್ಳೋದು? (ಪ್ರೀಆಂಪ್ ಅಂದರೆ ಮೈಕಿನ ಸಣ್ಣ ಸಿಗ್ನಲ್ಲನ್ನು ಎತ್ತಿ ದೊಡ್ಡದು ಮಾಡುವ ಪೆಟ್ಟಿಗೆ. ಒಳಗೆ ಹಳೆಯ ರೇಡಿಯೋ ವಾಲ್ವಿನಂಥ ಗಾಜಿನ ಟ್ಯೂಬ್ ಇದ್ದರೆ ಅದು ಟ್ಯೂಬ್ ಪ್ರೀಆಂಪ್.) ಒಂದು ಮಾಡೆಲ್ ಹೆಸರು ಹೇಳಿಬಿಟ್ಟರೆ ಸಾಕು, ಖುಷಿಯಾಗಿ ಹೋಗುತ್ತಾರೆ. ಆದರೆ ಆ ಪೆಟ್ಟಿಗೆಗೆ ಅವರ ಮನೆಯಲ್ಲಿ ಕೆಲಸ ಏನಿದೆ ಅಂತ ನೋಡದೆ ಹೆಸರು ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ. ರಾಯಚೂರಿನ ತೀನ್ ಕಂದೀಲ್ ಆಸುಪಾಸಿನ ಒಂದು ಮನೆಯಲ್ಲಿ ಈ ಹುಡುಕಾಟ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಯಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮನೆ, ಸಾಮಾನು, ತಕರಾರು

ಹಾಡುವವರು ನಿವೃತ್ತ ಶಾಲಾ ಶಿಕ್ಷಕಿ. ನಮಗೆಲ್ಲ ಅಕ್ಕೋರು. ದಾಸರ ಪದ ಮತ್ತು ವಚನ ಹಾಡುತ್ತಾರೆ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ ಎರಡೂ ಇದೇ ಜಿಲ್ಲೆಯವು, ಹಾಗಾಗಿ ಇಲ್ಲಿ ದಾಸರ ಪದಕ್ಕೆ ಕೇಳುವವರ ಬರ ಇಲ್ಲ. ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಕಾರ್ಯಕ್ರಮ ಕೊಟ್ಟಾಗ ಜನ ಹಾಡಿನ ರೆಕಾರ್ಡಿಂಗ್ ಕೇಳುತ್ತಾರೆ, ಕೊಡೋಕೆ ಚೆಂದದ್ದು ಒಂದೂ ಇರಲಿಲ್ಲ. ಮಗ ಕಂಪ್ಯೂಟರ್ ಬಲ್ಲವನು. ಅಮ್ಮನ ಹಾಡನ್ನು ತಾನೇ ರೆಕಾರ್ಡ್ ಮಾಡುತ್ತೇನೆ ಅಂತ ಸಾಮಾನು ಜೋಡಿಸಿದ್ದ.

ಸಾಮಾನು ಕೆಟ್ಟದ್ದೇನಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4, ಮೂರನೇ ತಲೆಮಾರಿನದು, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್ಫೇಸ್ ಪೆಟ್ಟಿಗೆ. ಹಾಡಿಗೆ ಶೂರ್ ಎಸ್‌ಎಂ58, ಹಾರ್ಮೋನಿಯಂಗೆ ಎಸ್‌ಎಂ57. ತಂಬೂರಿ ಮೊಬೈಲ್‌ನದು, ಅದು ಹೆಡ್‌ಫೋನಿನಲ್ಲಿ ಮಾತ್ರ. ತಬಲಾ ನುಡಿಸೋಕೆ ಓಣಿಯ ಒಬ್ಬ ಹುಡುಗ ಬರುತ್ತಾನೆ. ತಬಲಾಕ್ಕೆ ಬೇರೆ ಮೈಕ್ ಹಾಕಿರಲಿಲ್ಲ, ಉಳಿದೆರಡು ಮೈಕಿಗೆ ಎಷ್ಟು ಬಿದ್ದರೆ ಅಷ್ಟೇ.

ಅಕ್ಕೋರ ತಕರಾರು ನೇರ ಇತ್ತು. "ತಮ್ಮಾ, ಇದರಾಗ ನನ್ನ ಧ್ವನಿ ಖಡಕ್ ರೊಟ್ಟಿ ಆಗೇತಿ ನೋಡು. ಹಸಿ ಅನ್ನೋದೇ ಇಲ್ಲ."

ಮಗನಿಗೆ ಆಗಲೇ ಉತ್ತರ ಸಿಕ್ಕಿತ್ತು. "ಟ್ಯೂಬ್ ಪ್ರೀಆಂಪ್ ಹಾಕಿದ್ರ ಧ್ವನಿ ತುಂಬಿ ಬರ್ತದಂತ ಅಣ್ಣಾ. ಹನ್ನೆರಡು ಸಾವಿರ ತೆಗೆದಿಟ್ಟೀನಿ. ಯಾವುದು ಅಂತ ನೀವು ಹೇಳ್ರಿ, ಸಾಕು."

ಮೊದಲು ಮೈಕು

ಟ್ಯೂಬಿನ ಮಾತಿಗಿಂತ ಮುಂಚೆ ಮೈಕ್ ಎಲ್ಲಿದೆ ಅಂತ ನೋಡಿದೆ. ಬಾಯಿಯಿಂದ ಒಂದೂವರೆ ಅಡಿ ದೂರ. ಶಹಾಬಾದ್ ಕಲ್ಲಿನ ನೆಲ, ಬರೀ ಗೋಡೆ, ಎದುರಿಗೆ ಗಾಜಿನ ಕಿಟಕಿ. ಎಸ್‌ಎಂ58 ಹತ್ತಿರ ಹಿಡಿದು ಹಾಡೋಕೆ ಅಂತಲೇ ಮಾಡಿದ ಮೈಕು. ಬಾಯಿ ಹತ್ತಿರ ಬಂದಷ್ಟೂ ಅದರಲ್ಲಿ ತಗ್ಗಿನ ಧ್ವನಿ ಏರುತ್ತದೆ, ದೂರ ಹೋದಷ್ಟೂ ಇಳಿಯುತ್ತದೆ. ಒಂದೂವರೆ ಅಡಿಯಲ್ಲಿ ಇಟ್ಟರೆ ಧ್ವನಿಯ ಮೈ ಹೋಗಿ ಎಲುಬು ಉಳಿಯುತ್ತದೆ, ಜೊತೆಗೆ ಕಲ್ಲಿನ ಮೇಲೆ ಬಡಿದು ಬಂದ ಸದ್ದು ಸೇರಿಕೊಳ್ಳುತ್ತದೆ.

ಲೆಕ್ಕವನ್ನೂ ಒಮ್ಮೆ ಮಾಡಿ ತೋರಿಸಿದೆ. 94 ಡೆಸಿಬಲ್ ಜೋರಿನ ಧ್ವನಿಗೆ ಎಸ್‌ಎಂ58 ಕೊಡುವುದು ಸುಮಾರು 1.85 ಮಿಲಿವೋಲ್ಟ್. ಅಕ್ಕೋರು ಮೆಲ್ಲಗೆ ಹಾಡಿದಾಗ ಅಷ್ಟು ದೂರದಲ್ಲಿ 74 ಡೆಸಿಬಲ್ ಅಂತ ಇಟ್ಟುಕೊಳ್ಳೋಣ. ಇಪ್ಪತ್ತು ಡೆಸಿಬಲ್ ಇಳಿದರೆ ವೋಲ್ಟೇಜ್ ಹತ್ತನೇ ಒಂದು ಭಾಗ, ಅಂದರೆ 0.185 ಮಿಲಿವೋಲ್ಟ್. ಈ ಇಂಟರ್ಫೇಸಿನ ಮೈಕ್ ಗೇನ್, ಅಂದರೆ ಸಿಗ್ನಲ್ ಎತ್ತುವ ಶಕ್ತಿ, ಒಟ್ಟು 56 ಡೆಸಿಬಲ್. ಪೂರ್ತಿ ತಿರುಗಿಸಿದರೂ ರೆಕಾರ್ಡಿಂಗ್ ಮೀಟರ್ (ಅದರಲ್ಲಿ ಸೊನ್ನೆಯೇ ಮೇಲಿನ ಮಿತಿ) ಮೈನಸ್ 25ರ ಆಸುಪಾಸಿನಲ್ಲೇ ಆಡುತ್ತದೆ. 24 ಬಿಟ್ ರೆಕಾರ್ಡಿಂಗಿಗೆ ಅದೇನು ಕಡಿಮೆ ಅಲ್ಲ. ಆದರೂ ಮೈಕನ್ನು ಒಂದೂವರೆ ಅಡಿಯಿಂದ ನಾಲ್ಕೂವರೆ ಇಂಚಿಗೆ ತಂದರೆ ದೂರ ಎರಡು ಸಲ ಅರ್ಧವಾಗುತ್ತದೆ. ಪ್ರತಿ ಸಲಕ್ಕೆ 6ರಂತೆ 12 ಡೆಸಿಬಲ್ ಪುಕ್ಕಟೆ ಸಿಗುತ್ತದೆ.

ಹಾಗೆಯೇ ಮಾಡಿದೆವು. ಮೈಕನ್ನು ಹತ್ತಿರ ತಂದು, ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆ ಮಾಡಿ, ಅಕ್ಕೋರ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ಇಳಿಬಿಟ್ಟೆವು. ಮೈಕಿನ ಮೂತಿ ಆ ಕಡೆಗೇ ಇರುತ್ತದೆ, ಹಾಗಾಗಿ ಕೌದಿ ಹಾಡುವವರ ಬೆನ್ನ ಹಿಂದೆ ಬೇಕು. ಮೈಕಿನ ಹಿಂದೆ ಹಾಕಿದರೆ ಅಷ್ಟು ಉಪಯೋಗ ಆಗುವುದಿಲ್ಲ. ಇದನ್ನು ತಿರುಗಾಮುರುಗಾ ಮಾಡಿಕೊಂಡಿರುವ ಮನೆಗಳೇ ಜಾಸ್ತಿ.

ರೊಟ್ಟಿಯ ತಕರಾರು ಅಲ್ಲಿಗೆ ಅರ್ಧ ಮುಗಿಯಿತು. ಮಗನ ಟ್ಯೂಬ್ ಆಸೆ ಮಾತ್ರ ಹಾಗೇ ಇತ್ತು.

ಅಗ್ಗದ ಪೆಟ್ಟಿಗೆಯೊಳಗೆ ಏನಿದೆ

ಈ ದರ್ಜೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇರುವುದು 12ಎಎಕ್ಸ್7 ಅನ್ನೋ ಟ್ಯೂಬ್. ಯುರೋಪಿನವರು ಇದನ್ನೇ ಇಸಿಸಿ83 ಅನ್ನುತ್ತಾರೆ. ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲ್ ಎತ್ತುವ ಎರಡು ಭಾಗ. ನಮ್ಮ ಹಿರಿಯರ ರೇಡಿಯೋದಲ್ಲಿ ಇರುತ್ತಿದ್ದ ವಾಲ್ವ್‌ಗಳ ಜಾತಿಯದೇ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಈಗ 12ಎಎಕ್ಸ್7 ಬರುವುದು ಮುಖ್ಯವಾಗಿ ರಷ್ಯಾ, ಚೀನಾ ಮತ್ತು ಸ್ಲೊವಾಕಿಯಾದಿಂದ.

ಈ ಟ್ಯೂಬಿನ ಪ್ಲೇಟಿಗೆ (ಒಳಗೆ ಎಲೆಕ್ಟ್ರಾನ್ ಹಿಡಿಯುವ ತಗಡು) ಸರಿಯಾಗಿ ಕೊಡಬೇಕಾದದ್ದು ನೂರರಿಂದ ಇನ್ನೂರೈವತ್ತು ವೋಲ್ಟ್, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅಷ್ಟು ವೋಲ್ಟೇಜಿಗೆ ಒಳ್ಳೆಯ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್, ಗಟ್ಟಿ ಡಬ್ಬಿ ಎಲ್ಲಾ ಬೇಕು, ಬೆಲೆ ಏರುತ್ತದೆ. ಹಾಗಾಗಿ ಅಗ್ಗದ ಪೆಟ್ಟಿಗೆಗಳಲ್ಲಿ ಟ್ಯೂಬಿಗೆ ಬರೀ ಹತ್ತಾರು ವೋಲ್ಟ್ ಕೊಟ್ಟು ಓಡಿಸುತ್ತಾರೆ. ಮೈಕಿನ ಸಣ್ಣ ಸಿಗ್ನಲ್ ಎತ್ತುವ ಮುಖ್ಯ ಕೆಲಸ ಟ್ರಾನ್ಸಿಸ್ಟರ್ ಇಲ್ಲವೇ ಐಸಿಯದು. ಟ್ಯೂಬ್ ಆಮೇಲೆ ಬಂದು ಸ್ವಲ್ಪ ಬಣ್ಣ ಹಾಕುತ್ತದೆ. ಕೆಲವು ಪೆಟ್ಟಿಗೆಯಲ್ಲಿ ಕಿಟಕಿಯಿಂದ ಕಾಣುವ ಆ ಕೇಸರಿ ಬೆಳಕಿಗೆ ಟ್ಯೂಬಿನ ಹಿಂದೆ ಇಟ್ಟ ಎಲ್‌ಇಡಿಯೇ ಕಾರಣ. ಟ್ಯೂಬನ್ನು ಒಳಗಿಂದ ಕಾಯಿಸುವ ನಿಜವಾದ ಹೀಟರ್ ಅಷ್ಟು ಬೆಳಗುವುದೇ ಇಲ್ಲ.

ಇದನ್ನು ಮೋಸ ಅಂತ ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಕಡಿಮೆ ವೋಲ್ಟೇಜಿನ ಟ್ಯೂಬ್ ಬೇಗ ತುಂಬುತ್ತದೆ, ಸದ್ದು ಬೇಗ ಒಡೆಯುತ್ತದೆ, ಅದರದೇ ಒಂದು ಒರಟು ರುಚಿ ಇರುತ್ತದೆ. ಗಿಟಾರಿಗೆ, ಬೇಸಿಗೆ ಅದೇ ಬೇಕು ಅನ್ನುವವರು ಎಷ್ಟೋ ಜನ. ಆ ರುಚಿ ದಾಸರ ಪದಕ್ಕೆ ಹೊಂದುತ್ತಾ ಅನ್ನೋದಷ್ಟೇ ನಮ್ಮ ಪ್ರಶ್ನೆ.

ಮಗ ಮಾಡಿಟ್ಟುಕೊಂಡಿದ್ದ ಪಟ್ಟಿಯಲ್ಲಿ ಆರ್ಟ್ ಕಂಪನಿಯ ಟ್ಯೂಬ್ ಎಂಪಿ, ಅದೇ ಜಾತಿಯ ಸ್ಟುಡಿಯೋ ವಿ3, ಬೆರಿಂಜರ್‌ನ ಮೈಕ್200 ಇದ್ದವು. ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ 'ವೋಕಲ್', 'ಬೇಸ್' ಥರದ ಗುಂಡಿ ಆಯ್ಕೆಗಳಿವೆ. ಹಾಡುವವರ ಜೊತೆ ಕೂತಾಗ ಅಂಥ ಹದಿನಾರು ಆಯ್ಕೆ ಇದ್ದರೆ ಅರ್ಧ ಬೆಳಗು ಗುಂಡಿ ತಿರುಗಿಸೋದರಲ್ಲೇ ಹೋಗುತ್ತದೆ. ಪಟ್ಟಿಯ ಕೊನೆಗೆ ಆರ್ಟ್ ಪ್ರೋ ಎಂಪಿಎ 2 ಇತ್ತು. ಎರಡು ಚಾನೆಲ್, ಪ್ಲೇಟ್ ವೋಲ್ಟೇಜ್ ಏರಿಸುವ ಸ್ವಿಚ್, ಕರೆಂಟು ನೇರ ಗೋಡೆಯಿಂದ. ಪೆಟ್ಟಿಗೆ ಒಳ್ಳೆಯದೇ, ಹನ್ನೆರಡು ಸಾವಿರದಲ್ಲಿ ಕೂರುವುದಿಲ್ಲ.

"ಕಿಟ್ ತಂದು ನಾವ ಮಾಡಿದ್ರ?" ಅಂತಲೂ ಕೇಳಿದ. ಬೇಡ ಅಂದೆ. ನಿಜವಾದ ವೋಲ್ಟೇಜಿನ ಟ್ಯೂಬ್ ಸರ್ಕೀಟಿನಲ್ಲಿ ಸ್ವಿಚ್ ತೆಗೆದ ಮೇಲೂ ಕೆಪಾಸಿಟರ್ ಇನ್ನೂರು ಮುನ್ನೂರು ವೋಲ್ಟ್ ಹಿಡಿದು ಕೂತಿರುತ್ತದೆ. ಸೋಲ್ಡರಿಂಗ್ ಕಲಿಯೋಕೆ ಅದು ಜಾಗ ಅಲ್ಲ.

ಒಂದೇ ಹಾಡು, ಎರಡು ದಾರಿ

ಸಿಂಧನೂರಿನ ಆರ್ಕೆಸ್ಟ್ರಾ ಹುಡುಗನೊಬ್ಬನ ಹತ್ತಿರ ಟ್ಯೂಬ್ ಎಂಪಿ ಇತ್ತು. ಕೊಳ್ಳುವ ಮುಂಚೆ ಅದನ್ನು ಕೇಳಿ ತಂದೆವು.

ಎರಡು ಪ್ರೀಆಂಪ್ ಹೋಲಿಸುವಾಗ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಹಾಡಿಸುತ್ತಾರೆ. ಹಾಗೆ ಮಾಡಿದರೆ ಪೆಟ್ಟಿಗೆಯ ವ್ಯತ್ಯಾಸ ಯಾವುದು, ಹಾಡಿನ ವ್ಯತ್ಯಾಸ ಯಾವುದು ಅಂತ ಗೊತ್ತಾಗುವುದೇ ಇಲ್ಲ. ನಾನು ಒಂದು ವೈ ಕೇಬಲ್ ಮಾಡಿದೆ. ಒಂದೇ ಎಸ್‌ಎಂ58ರ ಸಿಗ್ನಲ್ ಒಂದು ಕವಲಿನಲ್ಲಿ ಇಂಟರ್ಫೇಸಿನ ಮುಂದಿನ ಮೈಕ್ ಇನ್‌ಪುಟ್ಟಿಗೆ, ಇನ್ನೊಂದು ಕವಲಿನಲ್ಲಿ ಟ್ಯೂಬ್ ಪೆಟ್ಟಿಗೆಗೆ. ಪೆಟ್ಟಿಗೆಯ ಔಟ್‌ಪುಟ್ 4ಐ4ರ ಹಿಂದಿರುವ ಮೂರನೇ, ಅಂದರೆ ಆಗಲೇ ಎತ್ತಿದ ಸಿಗ್ನಲ್ಲಿಗೆ ಇರುವ ಲೈನ್ ಇನ್‌ಪುಟ್ಟಿಗೆ. ಹೊರಗಿನ ಕರೆಂಟು ಬೇಡದ ಇಂಥ ಡೈನಮಿಕ್ ಮೈಕಿಗೆ ಮಾತ್ರ ಹೀಗೆ ಮಾಡಬಹುದು. 48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಕಳಿಸುವ ಕರೆಂಟು) ಎರಡೂ ಕಡೆ ಆಫ್ ಇರಬೇಕು, ಅದನ್ನು ಮರೆಯೋ ಹಾಗಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಟ್ಯೂಬ್ ಪ್ರೀಆಂಪ್ ತಂದವರಲ್ಲಿ ಬಹಳ ಜನ ಇಲ್ಲೇ ಎಡವಿರುತ್ತಾರೆ. ಪೆಟ್ಟಿಗೆಯ ಔಟ್‌ಪುಟ್ಟಿನಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುತ್ತದೆ. ಕೈಯಲ್ಲಿ ಮೈಕ್ ಕೇಬಲ್ ಇರುತ್ತದೆ. ಸುಮ್ನೆ ಅದನ್ನು ಇಂಟರ್ಫೇಸಿನ ಮುಂದಿನ ತೂತಿಗೆ ಚುಚ್ಚುತ್ತಾರೆ. ಆ ಎಕ್ಸ್‌ಎಲ್‌ಆರ್ ತೂತು ಹೋಗುವುದು ಇಂಟರ್ಫೇಸಿನದೇ ಮೈಕ್ ಪ್ರೀಆಂಪಿಗೆ. ಹಾಗಾದರೆ ಆಗಲೇ ಎತ್ತಿದ ಸಿಗ್ನಲ್ಲನ್ನು ಮತ್ತೊಮ್ಮೆ ಎತ್ತಿದ ಹಾಗಾಯಿತು. ಒಡೆದ ಸದ್ದು ಬರುತ್ತದೆ, 'ಇದೇ ಟ್ಯೂಬಿನ ಗುಣ' ಅಂತ ತಿಳಿಯುತ್ತಾರೆ. ಲೈನ್ ಇನ್‌ಪುಟ್ಟಿಗೇ ಹೋಗಬೇಕು ಅಂದರೆ ಒಂದು ತುದಿ ಎಕ್ಸ್‌ಎಲ್‌ಆರ್ ಹೆಣ್ಣು, ಇನ್ನೊಂದು ತುದಿ ಟಿಆರ್‌ಎಸ್ ಜಾಕ್ ಇರುವ ಕೇಬಲ್ ಬೇಕು. ಎರಡನೇ ಪಿನ್ ಜಾಕಿನ ಮೊನೆಗೆ, ಮೂರನೇ ಪಿನ್ ನಡುವಿನ ಉಂಗುರಕ್ಕೆ, ಒಂದನೇ ಪಿನ್ ಬುಡಕ್ಕೆ. ಪೆಟ್ಟಿಗೆಯಲ್ಲಿ ಜಾಕ್ ಔಟ್‌ಪುಟ್ಟೂ ಇದೆ, ಆದರೆ ಅದು ಎರಡು ತಂತಿಯದು, ಹಮ್ (ಕರೆಂಟಿನ ಗುಂಯ್ ಸದ್ದು) ಹಿಡಿಯೋದು ಸುಲಭ.

ರೆಕಾರ್ಡ್ ಆದ ತಕ್ಷಣ ಮಗ ಎರಡು ಟ್ರ್ಯಾಕನ್ನೂ ಒಂದಾದ ಮೇಲೆ ಒಂದು ಕೇಳಿದ. ಟ್ಯೂಬಿನದು ಬಂದಾಗ ಮುಖ ಅರಳಿತು. "ನೋಡ್ರಿ ಅಣ್ಣಾ, ಹೆಂಗ ತುಂಬಿ ಬಂದದ!" ಮೀಟರ್ ನೋಡಿದರೆ ಆ ಟ್ರ್ಯಾಕ್ ಎರಡು ಮೂರು ಡೆಸಿಬಲ್ ಜೋರಾಗಿತ್ತು. ಜೋರಾದದ್ದು ಕಿವಿಗೆ ಯಾವಾಗಲೂ ಚೆನ್ನಾಗೇ ಕೇಳಿಸುತ್ತದೆ. ಎರಡನ್ನೂ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ, ಅಕ್ಕೋರ ಕಿವಿಗೆ ಹೆಡ್‌ಫೋನ್ ಕೊಟ್ಟೆವು.

ಪೆಟ್ಟಿಗೆಯ ಇನ್‌ಪುಟ್ ಗೇನ್ ಕಡಿಮೆ ಇಟ್ಟು ಮಾಡಿದ ಟ್ರ್ಯಾಕುಗಳಲ್ಲಿ ಅವರಿಗೆ ವ್ಯತ್ಯಾಸವೇ ಸಿಗಲಿಲ್ಲ. "ಎರಡೂ ಒಂದೇ ಅದಾವ. ನನಗೇನು ಪರೀಕ್ಷೆ ಇಟ್ಟೀರೇನು?" ಅಂದರು. ಇನ್‌ಪುಟ್ ಏರಿಸಿ, ಔಟ್‌ಪುಟ್ ಇಳಿಸಿ, ಟ್ಯೂಬನ್ನು ಸ್ವಲ್ಪ ದುಡಿಸಿದಾಗ ಮಾತ್ರ ವ್ಯತ್ಯಾಸ ಬಂತು. ಮಂದ್ರದಲ್ಲಿ ಧ್ವನಿ ಚೂರು ದಪ್ಪ ಆಯಿತು. ಟ್ರಯೋಡ್ ಸೇರಿಸುವುದು ಹೆಚ್ಚಾಗಿ ಎರಡನೇ ಹಾರ್ಮೋನಿಕ್, ಅಂದರೆ ಅದೇ ಸ್ವರದ ಮೇಲಿನ ಸಪ್ತಕ. ಹಾಗಾಗಿ ಬೇಸೂರು ಅನಿಸದೆ ತುಂಬಿದ ಹಾಗೆ ಕೇಳಿಸುತ್ತದೆ. ಅಕ್ಕೋರಿಗೂ ಅದು ಹಿಡಿಸಿತು. ಆದರೆ ಅದೇ ಪದದಲ್ಲಿ ತಾರ ಷಡ್ಜಕ್ಕೆ ಹೋಗಿ ನಿಂತಾಗ ಧ್ವನಿಯ ಅಂಚು ಸಿಗಿದುಕೊಂಡಿತು, ಸಕಾರಗಳಲ್ಲಿ ಮರಳು ಬಂತು. ಪದ ಮುಗಿದು ಹಾರ್ಮೋನಿಯಂ ಸ್ವರ ಮಾತ್ರ ಉಳಿದ ಕಡೆ ಹಿಸ್ಸ್ ಕೂಡ ಎದ್ದು ಕೇಳುತ್ತಿತ್ತು.

"ಇದು ನನ್ನ ಧ್ವನಿ ಅಲ್ಲಪ್ಪ," ಅಂತ ಹೆಡ್‌ಫೋನ್ ತೆಗೆದಿಟ್ಟರು. ಯಾವುದು ಟ್ಯೂಬಿನದು ಅಂತ ಆಗಲೂ ಅವರಿಗೆ ಗೊತ್ತಿರಲಿಲ್ಲ.

ತಬಲಾ

ನನಗೆ ಆಗ ಹೊಳೆದದ್ದು ಹಿಂದಿನ ಲೈನ್ ಇನ್‌ಪುಟ್. 4ಐ4ರಲ್ಲಿ ಮೈಕ್ ಪ್ರೀಆಂಪ್ ಇರುವುದು ಎರಡೇ. ಹಿಂದೆ ಇನ್ನೆರಡು ಲೈನ್ ಇನ್‌ಪುಟ್ ಖಾಲಿ ಬಿದ್ದಿವೆ. ಅಲ್ಲಿಗೆ ಮೈಕ್ ನೇರ ಹಾಕಿದರೆ ಕೆಲಸ ಆಗುವುದಿಲ್ಲ, ಸಿಗ್ನಲ್ ಸಾಲುವುದಿಲ್ಲ. ಹೊರಗಿನ ಯಾವುದೇ ಪ್ರೀಆಂಪ್ ಇದ್ದರೆ ಮೂರನೇ ಮೈಕ್ ಬರುತ್ತದೆ. ಈ ಮನೆಗೆ ನಿಜಕ್ಕೂ ಕೊರತೆ ಇದ್ದದ್ದು ಅದೇ: ತಬಲಾಕ್ಕೆ ಮೈಕ್ ಇಲ್ಲ.

ಮೈಕ್ ಕೇಬಲ್ಲಿನ ನಡುವೆ ಹಾಕಿ ಗೇನ್ ಏರಿಸುವ ಸಣ್ಣ ಬೂಸ್ಟರುಗಳ ಮಾತೂ ಬಂದಿತ್ತು, ಕ್ಲೌಡ್‌ಲಿಫ್ಟರ್, ಫೆಟ್‌ಹೆಡ್ ಥರದವು. 25, 27 ಡೆಸಿಬಲ್ ಎತ್ತುತ್ತವೆ. ಅವಕ್ಕೆ ಫ್ಯಾಂಟಮ್ ಕರೆಂಟು ಬೇಕು, ಲೈನ್ ಇನ್‌ಪುಟ್ ಅದನ್ನು ಕೊಡುವುದಿಲ್ಲ. ಬಿಟ್ಟೆವು. ಒಂದು ಸಣ್ಣ ಮಿಕ್ಸರ್ ತಂದರೂ ಇದೇ ಕೆಲಸ ಆಗುತ್ತಿತ್ತು, ಮತ್ತು ಟ್ಯೂಬಿನ ಹುಚ್ಚು ಇಲ್ಲದ ಮನೆಗೆ ನಾನು ಹೇಳುವುದೂ ಅದನ್ನೇ. ಇಲ್ಲಿ ಹುಚ್ಚು ಇತ್ತಲ್ವಾ? ಸಾಲ ತಂದ ಪೆಟ್ಟಿಗೆಯನ್ನೇ ತಬಲಾಕ್ಕೆ ಹಾಕಿ ನೋಡೋಣ ಅಂದೆ.

ಶಾಲೆಯ ಹಳೆಯ ಸೌಂಡ್ ಸೆಟ್ಟಿನ ಡೈನಮಿಕ್ ಮೈಕೊಂದನ್ನು ತಬಲಾ ಡಗ್ಗಾ ನಡುವೆ, ಒಂದು ಗೇಣು ಮೇಲೆ ನಿಲ್ಲಿಸಿದೆವು. ಹಾಡಿನಲ್ಲಿ ಬೇಡವಾಗಿದ್ದ ಗುಣವೇ ಇಲ್ಲಿ ಕೆಲಸಕ್ಕೆ ಬಂತು. 'ನಾ' ಬಾರಿಸಿದಾಗ ಮೀಟರಿನಲ್ಲಿ ಚಿಮ್ಮುವ ಮೊನೆಯನ್ನು ಟ್ಯೂಬ್ ಸ್ವಲ್ಪ ಗುಂಡಗೆ ಮಾಡುತ್ತಿತ್ತು. ಡಗ್ಗಾದ 'ಘೆ' ಸಣ್ಣ ಸ್ಪೀಕರಿನಲ್ಲೂ ಕೇಳಿಸತೊಡಗಿತು. ಮೊಬೈಲ್ ಸ್ಪೀಕರಿಗೆ ಡಗ್ಗಾದ ಮೂಲ ಸ್ವರ ಎತ್ತೋಕೆ ಆಗುವುದಿಲ್ಲ, ಆದರೆ ಮೇಲಿನ ಹಾರ್ಮೋನಿಕ್ ಇದ್ದರೆ ಕಿವಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಹಾಡು ಕೇಳುವವರು ಕೇಳುವುದು ಮೊಬೈಲಿನಲ್ಲೇ ತಾನೇ. ತಬಲಾದ ಸದ್ದಿನಲ್ಲಿ ಹಿಸ್ಸ್ ಮುಚ್ಚಿಹೋಯಿತು.

ಸಿಗ್ನಲ್ಲನ್ನು ತಲೆಕೆಳಗು ಮಾಡುವ ಪೆಟ್ಟಿಗೆಯ ಫೇಸ್ ಬಟನ್ನೂ ಉಪಯೋಗಕ್ಕೆ ಬಂತು. ಒಂದೇ ಕೋಣೆಯಲ್ಲಿ ಮೂರು ಮೈಕ್ ಇಟ್ಟರೆ ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತದೆ, ಕೆಲವೊಮ್ಮೆ ತಗ್ಗಿನ ಧ್ವನಿ ಒಂದಕ್ಕೊಂದು ಕಡಿದುಕೊಳ್ಳುತ್ತದೆ. ಬಟನ್ ಒತ್ತಿ ನೋಡಿ, ಯಾವ ಕಡೆ ಡಗ್ಗಾ ಗಟ್ಟಿಯಾಗಿ ಕೇಳುತ್ತದೋ ಆ ಕಡೆ ಬಿಟ್ಟೆವು.

ಕೊಂಡದ್ದು, ಅಡಾಪ್ಟರ್ ಪಡಿಪಾಟಲು

ಹೊಸದು ಬೇಡ ಅಂತ ತೀರ್ಮಾನ ಆಯಿತು. ಹೈದರಾಬಾದಿನಲ್ಲಿ ಇನ್ನೊಂದು ಟ್ಯೂಬ್ ಎಂಪಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಐದೂವರೆ ಸಾವಿರಕ್ಕೆ. ಹಳೆಯದು ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಇಷ್ಟೇ: ಹೆಡ್‌ಫೋನ್ ಹಾಕಿ, ಗೇನ್ ಏರಿಸಿ, ಡಬ್ಬಿಯನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟೋದು. ಟಣ್ ಅಂತ ಗಂಟೆಯ ಹಾಗೆ ಮೊಳಗಿದರೆ ಟ್ಯೂಬ್ ಮುದಿಯಾಗಿದೆ ಇಲ್ಲವೇ ಸಡಿಲ ಆಗಿದೆ. ಗುಂಡಿ ತಿರುಗಿಸುವಾಗ ಕರಕರ ಅಂದರೆ ಚಿಂತೆ ಇಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಫ್ಯಾಂಟಮ್ ಆನ್ ಮಾಡಿ ಮಲ್ಟಿಮೀಟರಿನಲ್ಲಿ 48 ವೋಲ್ಟಿನ ಹತ್ತಿರ ಬರುತ್ತಾ ನೋಡಬೇಕು.

ಅದೇ ಬರಲಿಲ್ಲ. ಮಾರಿದವರು ಕೊಟ್ಟಿದ್ದ ಅಡಾಪ್ಟರ್ 9 ವೋಲ್ಟಿನದೇ, ಆದರೆ ಡಿಸಿ. ಈ ಪೆಟ್ಟಿಗೆಗೆ ಬೇಕಾದದ್ದು 9 ವೋಲ್ಟ್ ಎಸಿ. ಒಳಗೆ ಬರುವ ಎಸಿಯನ್ನೇ ಮಡಿಸಿ ಮಡಿಸಿ 48 ವೋಲ್ಟನ್ನೂ ಟ್ಯೂಬಿನ ವೋಲ್ಟೇಜನ್ನೂ ಮಾಡಿಕೊಳ್ಳುವ ಸರ್ಕೀಟದು. ಡಿಸಿ ಕೊಟ್ಟರೆ ಮಡಿಸೋಕೆ ಏನೂ ಇರುವುದಿಲ್ಲ. ಬಜಾರಿನಲ್ಲಿ ಕೇಳಿದರೆ ಸಿಗುವುದೆಲ್ಲ ಡಿಸಿ ಅಡಾಪ್ಟರೇ. ವಿದೇಶದಿಂದ ತರಿಸಿದ ಪೆಟ್ಟಿಗೆ ಆದರೆ ಇನ್ನೊಂದು ಅಪಾಯ, ಅಲ್ಲಿನ 120 ವೋಲ್ಟಿನ ಅಡಾಪ್ಟರನ್ನು ನಮ್ಮ 230ಕ್ಕೆ ಚುಚ್ಚಿದರೆ ಕ್ಷಣದಲ್ಲಿ ಸುಡುತ್ತದೆ. ಕೊನೆಗೆ ಒಂದು 9 ವೋಲ್ಟ್, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಂದು, ಫ್ಯೂಸ್ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ ಕೊಟ್ಟೆ. ಡಬ್ಬಿಯನ್ನು ಮೈಕ್ ಕೇಬಲ್ಲುಗಳಿಂದ ದೂರ ಇಡಲು ಹೇಳಿದೆ, ಟ್ರಾನ್ಸ್‌ಫಾರ್ಮರ್ ಪಕ್ಕ ಹಾದುಹೋದ ಕೇಬಲ್ 50 ಹರ್ಟ್ಸ್ ಹಮ್ ಹೊತ್ತು ತರುತ್ತದೆ.

ಇನ್ನು ಕರೆಂಟು. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಇದ್ದರೂ ಬೇಸಿಗೆಯಲ್ಲಿ ನಮ್ಮ ಓಣಿಯ ಲೈಟು ಹೋಗೋದು ತಪ್ಪಿಲ್ಲ. ಇಂಟರ್ಫೇಸ್ ಯುಎಸ್‌ಬಿಯಿಂದ ಓಡುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಅದಕ್ಕೇನೂ ಆಗುವುದಿಲ್ಲ. ಟ್ಯೂಬ್ ಪೆಟ್ಟಿಗೆ ಮಾತ್ರ ಮನೆಯ ಇನ್ವರ್ಟರಿಗೆ ಹೋಗುತ್ತದೆ. ಅದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಕರೆಂಟಿನಲ್ಲಿ 50ರ ಜೊತೆಗೆ 150, 250, 350 ಹರ್ಟ್ಸ್ ಎಲ್ಲಾ ಸೇರಿರುತ್ತವೆ, ತಬಲಾ ಟ್ರ್ಯಾಕಿನಲ್ಲಿ ಜೀರುಂಡೆ ಕೂತ ಹಾಗೆ ಝುಂಯ್ ಅನ್ನುತ್ತದೆ. ಲೈಟು ಹೋದಾಗ ತಬಲಾ ಇಲ್ಲದ ಪದಗಳನ್ನು ಮುಗಿಸಿಕೊಳ್ಳುವುದು ಅಂತ ಮಾಡಿಕೊಂಡಿದ್ದಾರೆ. ಫ್ಯಾನ್ ಹೇಗೂ ಆಫ್ ಮಾಡಲೇಬೇಕು, ಹಾಗಾಗಿ ಎಲ್ಲಾ ಬೆಳಗಿನ ಜಾವವೇ.

ಈಗ ಹಾಡು ಒಂದರಲ್ಲಿ, ಹಾರ್ಮೋನಿಯಂ ಎರಡರಲ್ಲಿ, ಎರಡೂ ನೇರ ಇಂಟರ್ಫೇಸಿಗೆ. ತಬಲಾ ಟ್ಯೂಬಿನ ಮೂಲಕ ಮೂರರಲ್ಲಿ. ಹನ್ನೆರಡು ಸಾವಿರದಲ್ಲಿ ಅರ್ಧ ಇನ್ನೂ ಮಗನ ಹತ್ತಿರವೇ ಇದೆ. ಟ್ಯೂಬ್ ಬದಲಿಸಿ ಸ್ಲೊವಾಕಿಯಾದ್ದು ಹಾಕೋಣವಾ ಅಂತ ಫೋನ್ ಮಾಡಿದ್ದ. ಈಗಿರುವುದು ಮೊಳಗುತ್ತಿಲ್ಲ, ಸದ್ದು ಮಾಡುತ್ತಿಲ್ಲ, ಸುಮ್ನೆ ಯಾಕೆ ಅಂದೆ. ಆ ದುಡ್ಡಿಗೆ ಒಂದು ಕಂಡೆನ್ಸರ್ ಮೈಕ್ ನೋಡು, ತಬಲಾದ ಮೇಲೆ ಇಡೋಕೆ, ಪೆಟ್ಟಿಗೆಯಲ್ಲಿ 48 ವೋಲ್ಟ್ ಇದ್ದೇ ಇದೆ ಅಂದಿದ್ದೇನೆ. ಅಕ್ಕೋರು ಹಿಂದಿನಿಂದ ಕೇಳಿಸಿಕೊಂಡು, ಮೊದಲು ಒಂದು ಸದ್ದಿಲ್ಲದ ಫ್ಯಾನ್ ತಾ ಅಂದರಂತೆ.